ಮೂರು ಸುತ್ತಿನ ಮನುಷ್ಯ

ಕತ್ತಿನಲ್ಲಿ ತೂಗುತ್ತಿದ್ದ ಗುರುತಿನ ಬಿಲ್ಲೆಯ ಒಂದು ಬದಿಯಲ್ಲಿ ‘ಮಾಜಿ ಚಾಂಪಿಯನ್’ ಎಂದು ಅಚ್ಚಾಗಿತ್ತು. ಇನ್ನೊಂದು ಬದಿ ಬರಿಯ ಬಿಳುಪು. ಕ್ರೀಡಾಂಗಣದ ಗೇಟಿನಿಂದ ಮೆಟ್ಟಿಲುಸಾಲಿನವರೆಗೆ ನಡೆದುಬರುವಷ್ಟರಲ್ಲಿ ಅವನು ಬಿಳಿಯ ಬದಿಯನ್ನು ಹಲವು ಸಲ ಹೊರಮುಖವಾಗಿ ತಿರುಗಿಸಿದ್ದ. ದಾರದಲ್ಲಿ ಅದಾಗಲೇ ಒಂದು ತಿರುಚು ಕೂತಿದ್ದರಿಂದ ಬಿಲ್ಲೆ ಪ್ರತಿ ಸಲವೂ ಸಾವಕಾಶವಾಗಿ, ಯಾವ ಹಟವನ್ನೂ ತೋರಿಸದೆ, ಚಾಂಪಿಯನ್ನಿನ ಕಡೆಗೇ ಮರಳಿ ನಿಲ್ಲುತ್ತಿತ್ತು. ಸುಳ್ಳಿಗೂ ಒಂದು ಸಮತೋಲನದ ಸ್ಥಿತಿ ಇರಬೇಕು, ಎಷ್ಟು ಕದಲಿಸಿದರೂ ಅದು ಅಲ್ಲಿಗೇ ಬಂದು ನೆಲೆಗೊಳ್ಳುತ್ತದೆ, ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ ಕೂಡಲೆ, ಇಷ್ಟು ಒಳ್ಳೆಯ ಮಾತನ್ನು ಯಾರಿಗೂ ಹೇಳಲಾಗದಲ್ಲ ಎಂದು ಬೇಸರವೂ ಆಯಿತು. ಮಕ್ಕಳಿಗೆ ಓಟ ಕಲಿಸುವ ಟ್ರಸ್ಟಿಗೆ ತರಬೇತಿಯವನಾಗಿ ಸೇರಿದ ದಿನವೇ ಅವನು ಕಾರ್ಯದರ್ಶಿಗೆ ಸ್ಪಷ್ಟವಾಗಿ ಹೇಳಿದ್ದ, ತಾನು ಚಾಂಪಿಯನ್ ಅಲ್ಲ, ಪೇಸರ್ ಎಂದು. ದೊಡ್ಡ ಓಟಗಾರನೊಬ್ಬ ದಾಖಲೆ ಮಾಡಬೇಕಾದ ದಿನ ಅವನ ಮುಂದೆ ಓಡಿ, ಎದುರುಗಾಳಿಯನ್ನು ತನ್ನ ಎದೆಯಿಂದ ಸೀಳಿ, ವೇಗ ಏರುಪೇರಾಗದಂತೆ ಕಾಯ್ದು, ನಾಲ್ಕು ಸುತ್ತಿನ ಓಟದಲ್ಲಿ ಮೂರು ಸುತ್ತು ಮುಗಿದ ಕೂಡಲೆ ಎಡಕ್ಕೆ ಸರಿದು ಹುಲ್ಲಿನ ಮೇಲೆ ನಿಂತುಬಿಡುವ ಕೂಲಿಯವನು. ಕಾರ್ಯದರ್ಶಿ ಹಿಂದೆ ಕ್ರೀಡಾಕೂಟಗಳಲ್ಲಿ ಕಬ್ಬಿಣದ ಗುಂಡು ಎಸೆಯುತ್ತಿದ್ದಾಕೆ. ಪೆನ್ನನ್ನು ಮೇಜಿನ ಮೇಲಿಟ್ಟರೂ ದಪ್ಪೆಂದು ಸದ್ದಾಗುತ್ತಿತ್ತು. “ಅಯ್ಯೋ ಬಿಡಿ, ಪೇಸ್‌ಮೇಕರ್ ಅಂತ ಹಾಕಿಸಿದ್ರೆ ಎದೆಯೊಳಗೆ ಇಡೋ ಯಂತ್ರ ಅಂದ್ಕೋತಾರೆ ಜನ,” ಎಂದಿದ್ದಳು. “ಚಾಂಪಿಯನ್ ಅಂದ್ರೆ ಎಲ್ರಿಗೂ ಅರ್ಥ ಆಗುತ್ತೆ. ಮಕ್ಕಳಿಗೂ ಒಂದು ಹುಮ್ಮಸ್ಸು.” ಮಕ್ಕಳು ಒಂದು ವಾರದೊಳಗೆ ನಿಜವನ್ನು ಪತ್ತೆಹಚ್ಚಿ, ಅವನಿಗೆ ‘ಮುಕ್ಕಾಲು ಸರ್’ ಎಂದು ಹೆಸರಿಟ್ಟರು. ಇಡೀ ಟ್ರಸ್ಟಿನಲ್ಲಿ ಅವನ ವೃತ್ತಿಜೀವನವನ್ನು ಸರಿಯಾಗಿ ಅಳೆದವರು ಅವರು ಮಾತ್ರ.

ಮೆಟ್ಟಿಲುಸಾಲಿನ ಕೆಳಗೆ ಪಿನ್ನಿ ಕಾಲು ಚಾಚಿ ಕುಳಿತು ಷೂ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕೊರಳಪಟ್ಟಿಯಲ್ಲಿ ಯಾವಾಗಲೂ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಆ ಹೆಸರು. ಅವಳಿದ್ದ ಆಶ್ರಯಧಾಮದಲ್ಲಿ ಹದಿನೆಂಟು ತುಂಬಿದವರನ್ನು ಇಟ್ಟುಕೊಳ್ಳುವುದಿಲ್ಲ. ಅವಳಿಗೆ ಬರುವ ತಿಂಗಳು ತುಂಬುತ್ತದೆ. ಇಂದಿನ ಆಯ್ಕೆಯಲ್ಲಿ ಗೆದ್ದರೆ ಕ್ರೀಡಾ ವಸತಿಶಾಲೆಯಲ್ಲಿ ಒಂದು ಮಂಚ, ಊಟ, ಓದು. ಇಲ್ಲವಾದರೆ ಚಿಕ್ಕಮ್ಮನ ಮನೆಯ ಅಡುಗೆಕೋಣೆಯ ನೆಲ, ಒಳಗಿನಿಂದ ಚಿಲಕವಿಲ್ಲದ ಬಾಗಿಲು, ಮತ್ತು ಚಿಕ್ಕಪ್ಪ. ಚಿಕ್ಕಪ್ಪನ ಬಗ್ಗೆ ಅವಳು ಅವನಿಗೆ ಒಂದೇ ಸಲ ಹೇಳಿದ್ದಳು, ಅದೂ ಅರ್ಧ ವಾಕ್ಯದಲ್ಲಿ. ಉಳಿದರ್ಧವನ್ನು ಕೇಳುವ ಧೈರ್ಯ ಸಾಲದೆ ಅವನು, “ಮೊಣಕೈ ಒಳಗಿರಲಿ, ಓಡುವಾಗ,” ಎಂದು ಉತ್ತರಿಸಿದ್ದ. ಆ ಉತ್ತರ ಈಗಲೂ ಆಗಾಗ ನೆನಪಾಗಿ, ಸ್ನಾನ ಮಾಡುತ್ತಿದ್ದರೆ ಕೈಯಲ್ಲಿನ ಚೊಂಬು ಹಾಗೇ ನಿಂತುಬಿಡುತ್ತಿತ್ತು.

“ಮುಂದೆ ಯಾರಿರ್ತಾರೆ ಸರ್?” ಎಂದು ಅವಳು ತಲೆಯೆತ್ತದೆ ಕೇಳಿದಳು.

“ಯಾರಾದ್ರೂ ಇರ್ತಾರೆ. ಅವರ ಬೆನ್ನು ಹಿಡ್ಕೊಂಡು ಹೋಗು.”

“ನಿಮ್ಮ ಬೆನ್ನಲ್ಲವಲ್ಲ.”

“ಎಲ್ಲರ ಬೆನ್ನೂ ಒಂದೇ ಕಣೆ.”

“ಒಂದೇ ಅಲ್ಲ. ನಿಮ್ಮದು ಬೆವರಿದ್ರೆ ಮೊದಲು ನಡುಮಧ್ಯದಲ್ಲಿ ಒಂದು ಗುಂಡಗಿನ ಕಲೆ ಆಗುತ್ತೆ. ಅದು ದೊಡ್ಡದಾಗಿ ಎರಡೂ ಭುಜ ಮುಟ್ಟಿದಾಗ ಮೂರು ಸುತ್ತು ಆಯ್ತು ಅಂತ ಲೆಕ್ಕ.” ಅವಳು ದಾರವನ್ನು ಬಿಗಿದಳು. “ಕೊನೇ ಸುತ್ತು ಹೇಗೆ ಓಡ್ಲಿ?”

“ಅದು ತಾನಾಗೇ ಬರುತ್ತೆ,” ಎಂದ ಅವನು, ತೂಕದ ಧ್ವನಿಯಲ್ಲಿ.

ಈ ತೂಕದ ಧ್ವನಿಯನ್ನು ಸಾಧಿಸಲು ಅವನಿಗೆ ಸಾಕಷ್ಟು ಕಾಲ ಹಿಡಿದಿತ್ತು. ಒಂದು ವರ್ಷದಿಂದ ಬೆಳಗ್ಗೆ, ಶಾಲೆಯ ಮಕ್ಕಳು ಪ್ರಾರ್ಥನೆಗೆ ಮೈದಾನವನ್ನು ತುಂಬುವ ಮೊದಲು, ಅವನು ಮುಂದೆ ಅವಳು ಹಿಂದೆ ಮೂರು ಸುತ್ತು ಓಡಿ, ಒಟ್ಟಿಗೇ ಎಡಕ್ಕೆ ಸರಿದು ಹುಲ್ಲಿನ ಮೇಲೆ ನಿಲ್ಲುತ್ತಿದ್ದರು. ಮೂರರ ಆಚೆ ಅವನ ಮೊಣಕಾಲು ಕೇಳುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ನಾಲ್ಕನೆಯ ಸುತ್ತಿನ ಬಗ್ಗೆ ಹೇಳಲು ಅವನಲ್ಲಿ ಏನೂ ಇರಲಿಲ್ಲ ಎಂಬುದು. ಶಾಲೆಯ ದಿನಗಳ ಹುಡುಗಾಟದ ಓಟಗಳನ್ನು ಬಿಟ್ಟರೆ ಅದನ್ನು ಅವನು ಹುಲ್ಲಿನ ಮೇಲೆ ಬಗ್ಗಿ ನಿಂತು, ಎರಡೂ ಕೈ ಮಂಡಿಯ ಮೇಲಿಟ್ಟು, ತನ್ನದೇ ಉಸಿರಿನ ಸದ್ದಿನ ಮರೆಯಲ್ಲಿ ದೂರದಿಂದ ಕೇಳಿದ್ದನೇ ಹೊರತು ಓಡಿರಲಿಲ್ಲ. ಹೀಗಾಗಿ ಒಂದು ಸಿದ್ಧಾಂತವನ್ನೇ ಕಟ್ಟಬೇಕಾಯಿತು: ಮೂರು ಸುತ್ತು ಅಭ್ಯಾಸ, ನಾಲ್ಕನೆಯದು ರಕ್ತ, ರಕ್ತವನ್ನು ಕಲಿಸಲಾಗದು, ಓಟದ ದಿನ ಅದು ತಾನಾಗಿಯೇ ಬರುತ್ತದೆ. ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಇದನ್ನು ಹೇಳಿದಾಗ ಜನ ಚಪ್ಪಾಳೆ ತಟ್ಟಿದ್ದರು. ಅವನ ಹೆಂಡತಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ರಕ್ತಕಣಗಳನ್ನು ನೋಡುವ ಅವಳು ಮನೆಗೆ ಬರುವ ದಾರಿಯಲ್ಲಿ, “ನಾನು ನೋಡಿದ ರಕ್ತದಲ್ಲಿ ಓಟ ಗೀಟ ಏನೂ ಕಾಣಲಿಲ್ಲಪ್ಪ,” ಎಂದಷ್ಟೇ ಹೇಳಿದ್ದಳು.

ಗುಂಡು ಹಾರಿಸಿದ ಸದ್ದಿಗೆ ಹುಡುಗಿಯರು ಹೊರಟರು. ಮೊದಲ ತಿರುವಿನಲ್ಲಿ ಗುಂಪು ಬಿಚ್ಚಿಕೊಂಡು ಸಾಲಾಯಿತು, ಪಿನ್ನಿ ಮೂರನೆಯವಳು. ಆಗ ಅವನಿಗೆ ಅರಿವಾದ ಸಂಗತಿ ಎಷ್ಟು ಸರಳವಾಗಿತ್ತೆಂದರೆ ಅದು ಇಷ್ಟು ದಿನ ಹೊಳೆಯದೆ ಇದ್ದುದಕ್ಕೆ ಬುದ್ಧಿ ಮಂಕಾಗಿರುವುದೊಂದೇ ವಿವರಣೆ ಉಳಿದಿತ್ತು: ಒಂದು ವರ್ಷ ಕಲಿಸಿದ ಹುಡುಗಿ ಓಡುವುದನ್ನು ಅವನು ಇವತ್ತೇ ಮೊದಲ ಸಲ ನೋಡುತ್ತಿದ್ದ. ಸದಾ ಅವಳ ಮುಂದೆ ಇದ್ದ ಅವನಿಗೆ ಅವಳು ಒಂದು ಉಸಿರು, ಎರಡು ಪಾದಗಳ ಸದ್ದು, ತಿರುವಿನಲ್ಲಿ ಕೊಂಚ ಒರಗುವ ನೆರಳು ಮಾತ್ರ. ಈಗ ನೋಡಿದರೆ ಎಡಗೈ ದೇಹದಿಂದ ಹೊರಕ್ಕೆ ಚಾಚಿ, ಜನಸಂದಣಿಯಲ್ಲಿ ಯಾರನ್ನೋ ತಳ್ಳಿಕೊಂಡು ದಾರಿ ಮಾಡುವವಳ ಹಾಗೆ ಓಡುತ್ತಿದ್ದಳು. ಬಾಯಿ ಬಿಗಿದಿತ್ತು, ಗದ್ದ ಮೇಲಕ್ಕೆದ್ದಿತ್ತು. ಓಟದ ಪಾಠಗಳಲ್ಲಿ ತಪ್ಪು ಎಂದು ಹೇಳುವುದೆಲ್ಲ ಅವಳಲ್ಲಿತ್ತು, ಮತ್ತು ಎಲ್ಲವೂ ಸೇರಿ ಅವಳನ್ನು ಅತಿ ಸಲೀಸಾಗಿ ಮುಂದೆ ಒಯ್ಯುತ್ತಿತ್ತು. ಬೇರೆ ಯಾರನ್ನೋ ನೋಡುತ್ತಿದ್ದೇನೆ ಎಂಬ ಗುಮಾನಿಯಿಂದ ಅವಳು ಮೆಟ್ಟಿಲುಸಾಲಿನ ಕೆಳಗೆ ಹಾದುಹೋಗುವಾಗ ಕಣ್ಣು ಮುಚ್ಚಿ ಆಲಿಸಿದ. ಹೌದು, ಅದೇ ಸದ್ದು. ಬಲಪಾದ ಗಟ್ಟಿ, ಎಡಪಾದ ಮೃದು. ಕಣ್ಣು ತೆರೆದರೆ ಪಕ್ಕದಲ್ಲಿದ್ದ ಕಾರ್ಯದರ್ಶಿ, “ಪ್ರಾರ್ಥನೆ ಆಮೇಲೆ ಮಾಡಿ, ಈಗ ನೋಡ್ರಿ,” ಎಂದು ಅವನ ತೋಳಿಗೆ ತಿವಿದಳು. ಗುಂಡು ಎಸೆದ ಕೈಯ ತಿವಿತ. ಎರಡನೆಯ ಸುತ್ತಿನ ಮೊದಲ ಭಾಗ ಅವನಿಗೆ ನೋವಿನಲ್ಲೇ ಕಳೆಯಿತು.

ಮೂರನೆಯ ಸುತ್ತಿನ ಕೊನೆಯ ನೇರ ಹಾದಿಯಲ್ಲಿ ಅವಳು ಎರಡನೆಯವಳಾದಳು. ಮುಂದಿದ್ದ ಎತ್ತರದ ಹುಡುಗಿಯ ಹೆಜ್ಜೆ ಕುಗ್ಗತೊಡಗಿದ್ದುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಗೆರೆಯ ಬಳಿ ನಿಂತಿದ್ದವನು ಕೊನೆಯ ಸುತ್ತಿನ ಗಂಟೆ ಬಾರಿಸಿದ. ಆಗ ಪಿನ್ನಿ ಬಲ ಅಂಗೈಯನ್ನು ಸೊಂಟದ ಮಟ್ಟಕ್ಕೆ ಎತ್ತಿ, ಹಿಂದೆ ಬರುವವರಿಗೆ ದಾರಿ ಬಿಡುವಂತೆ ತಲೆಯನ್ನು ಅರೆ ತಿರುಗಿಸಿ, ಎರಡೇ ಉದ್ದನೆಯ ಹೆಜ್ಜೆಯಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಎಡಕ್ಕೆ ಸರಿದು, ಹುಲ್ಲಿನ ಮೇಲೆ ನಿಂತಳು. ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದಳು. ಉಳಿದವರು ಅವಳನ್ನು ದಾಟಿ ಹೋದರು. ಅವಳು ತಲೆಯೆತ್ತಿ ಹೋಗುತ್ತಿದ್ದವರ ಬೆನ್ನುಗಳನ್ನು ನೋಡಿದಳು, ಮತ್ತು ತನ್ನ ಕಾಲ ಕೆಳಗಿನ ಹುಲ್ಲನ್ನು ನೋಡಿದಳು. ಅಷ್ಟು ದೂರದಿಂದ ಮುಖ ಕಾಣದಿದ್ದುದು ಅವನಿಗಾದ ಉಪಕಾರ. ಆ ಅಂಗೈ, ಆ ಕತ್ತು, ಆ ಎರಡು ಹೆಜ್ಜೆ ಎಲ್ಲವೂ ಅವನದೇ ಆಗಿದ್ದವು. ಬೇರೆಯವರ ಓಟಕ್ಕೆ ಅಡ್ಡಿಯಾಗದಂತೆ ಕಣದಿಂದ ಇಳಿಯುವ ಕಲೆಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಒಂದು ಕಾಲದಲ್ಲಿ ಹೆಸರಿತ್ತು. ಅವನು ಕಲಿಸದೆಯೇ ಅವಳು ಪರಿಪೂರ್ಣವಾಗಿ ಕಲಿತ ವಿದ್ಯೆ ಅದೊಂದೇ. ಆ ಹೊತ್ತಿನಲ್ಲೂ ಅವನೊಳಗೆ ಯಾರೋ ಒಬ್ಬ, ಎಷ್ಟು ಚೊಕ್ಕವಾಗಿ ಸರಿದಳು, ಎಂದು ಮೆಚ್ಚಿದ. ಆ ಯಾರೋ ಒಬ್ಬನ ಕಪಾಳಕ್ಕೆ ಬಾರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

“ಏನಾಯ್ತ್ರೀ ಅವಳಿಗೆ?” ಎನ್ನುತ್ತ ಕಾರ್ಯದರ್ಶಿ ಮೆಟ್ಟಿಲಿಳಿದು ಹೊರಟೇಬಿಟ್ಟಳು. ಹಿಂದೆ ಅವನು. ಹುಲ್ಲಿನ ಅಂಚಿನಲ್ಲಿ ಒಬ್ಬ ಅಧಿಕಾರಿ ಆಗಲೇ ಪಿನ್ನಿಯ ಮುಂದೆ ನಿಂತಿದ್ದ. “ಕಾಲು ಉಳುಕಿತು,” ಎನ್ನುತ್ತಿದ್ದಳು ಅವಳು. “ಯಾವ ಕಾಲು?” “ಎಡಗಾಲು.” ಹಾಗೆಂದು ಅವನತ್ತ ಒಂದು ಸಲ ನೋಡಿದಳು. ನೋಟದಲ್ಲಿ ದೂರಿರಲಿಲ್ಲ, ಬಾಯಿ ಮುಚ್ಚಿಕೊಂಡಿರಿ ಎಂಬ ಸೂಚನೆಯಿತ್ತು. ಅವನಿಗೆ ತನ್ನ ಅಪ್ಪ ನೆನಪಾದರು. ಅವರು ಒಂದೇ ಒಂದು ಸಲ ಅವನ ಓಟ ನೋಡಲು ಬಂದಿದ್ದರು, ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಕೆಲಸದ ಜಾಗದ ಇಬ್ಬರು ಗೆಳೆಯರನ್ನು ಜೊತೆ ಮಾಡಿಕೊಂಡು. ಮಗ ಮೂರು ಸುತ್ತು ಎಲ್ಲರಿಗಿಂತ ಮುಂದಿದ್ದು ಇದ್ದಕ್ಕಿದ್ದಂತೆ ನಿಂತುಬಿಟ್ಟಾಗ ಅವರು ಗೆಳೆಯರ ಕಡೆ ತಿರುಗಿ, “ನಿನ್ನೆಯಿಂದ ಹೊಟ್ಟೆನೋವು ಅಂತಿದ್ದ ಪಾಪ,” ಎಂದಿದ್ದರಂತೆ. ಸಂಜೆ ಮನೆಯಲ್ಲಿ ಅವನು ತನ್ನ ಕೆಲಸವೇ ಅದೆಂದೂ, ಅದಕ್ಕೆ ಸಂಭಾವನೆಯಿದೆಯೆಂದೂ ವಿವರಿಸಿದ. ಅಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಆಯ್ತಪ್ಪ. ಯಾರಾದ್ರೂ ಕೇಳಿದ್ರೆ ಹೊಟ್ಟೆನೋವು ಅಂತಲೇ ಹೇಳು,” ಎಂದರು. ಈಗ ಈ ಹುಡುಗಿ ಅವನ ಪರವಾಗಿ ತನ್ನ ಕಾಲನ್ನೇ ಉಳುಕಿಸಿಕೊಂಡು ನಿಂತಿದ್ದಾಳೆ.

“ಉಳುಕಿದ್ರೆ ಏನೂ ಮಾಡೋಕಾಗಲ್ಲಮ್ಮ,” ಎಂದ ಅಧಿಕಾರಿ, ಮೃದುವಾಗಿಯೇ. “ಓಟ ಬಿಟ್ಟವರಿಗೆ ಮುಂದಿನ ವರ್ಷ ಅವಕಾಶ. ಯಾರಾದ್ರೂ ದಾರಿ ತಪ್ಪಿಸಿದ್ರೆ, ತರಬೇತಿಯವರೋ ನಮ್ಮ ಕಡೆಯವರೋ, ಆಗ ಮಾತ್ರ ಎರಡನೇ ಗುಂಪಿನ ಜೊತೆ ಓಡಿಸಬಹುದು. ಉಳುಕಿಗೆ ಅಂಥ ನಿಯಮ ಇಲ್ಲ.”

ಮುಂದಿನ ವರ್ಷ ಎಂಬ ಮಾತು ಬಿದ್ದಾಗ ಪಿನ್ನಿಯ ಗದ್ದ ಮೊದಲ ಸಲ ಕೆಳಗಿಳಿಯಿತು. ಅವನು ಮುಂದೆ ಬಂದು, “ನಾನು ದಾರಿ ತಪ್ಪಿಸಿದ್ದು,” ಎಂದ. ಧ್ವನಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅಧಿಕಾರಿ ಅವನ ಬಿಲ್ಲೆಯನ್ನು ಓದಿ, “ಚಾಂಪಿಯನ್ನಾ?” ಎಂದು ಕೇಳಿದ. “ಅಲ್ಲ,” ಎಂದ ಅವನು. “ಅಂದ್ರೆ, ಇದು ತಪ್ಪು ಮುದ್ರಣ.”

ಆಯ್ಕೆ ಸಮಿತಿ ಬಟ್ಟೆಯ ಚಪ್ಪರದ ಕೆಳಗಿತ್ತು. ನಡುವಿನ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷ ಯಾರೆಂದು ಅವನಿಗೆ ಬೆಳಗ್ಗೆಯೇ ಗೊತ್ತಿತ್ತು, ಆದ್ದರಿಂದಲೇ ಆ ಕಡೆ ಸುಳಿದಿರಲಿಲ್ಲ. ಇದೇ ನಾಲ್ಕು ಸುತ್ತಿನ ಓಟದಲ್ಲಿ ದಾಖಲೆ ಮಾಡಿದವನು. ಆ ದಾಖಲೆಯ ದಿನ ಮುಂದೆ ಓಡಿದ್ದು ಇವನು. ಮರುದಿನದ ಪತ್ರಿಕೆಯ ಚಿತ್ರದಲ್ಲಿ ದಾಖಲೆಗಾರನ ಎತ್ತಿದ ಕೈಯ ಕೆಳಗೆ, ದೂರದ ಹುಲ್ಲಿನ ಮೇಲೆ, ಸೊಂಟದಿಂದ ಬಗ್ಗಿದ ಒಂದು ಆಕೃತಿಯ ಹಿಂಭಾಗ ಕಾಣುತ್ತಿತ್ತು. ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡು, ಬಂದವರಿಗೆ ಬೆರಳಿಟ್ಟು ತೋರಿಸುತ್ತಿದ್ದಳು. ಚಪ್ಪರದವರೆಗೆ ನಡೆಯುವಾಗ ಅವನು ಒಂದು ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲೇ ಕ್ರಮವಾಗಿ ಜೋಡಿಸಿದ: ಮೊದಲು ವಸ್ತುಸ್ಥಿತಿ, ನಂತರ ಕಾರಣ, ಕೊನೆಗೆ ಹೊಣೆ. ಮೂರನೆಯ ಭಾಗದಲ್ಲಿ ಧ್ವನಿ ನಡುಗಬಹುದು, ನಡುಗಿದರೂ ಚಿಂತೆಯಿಲ್ಲ, ಒಬ್ಬ ಮನುಷ್ಯ ಎಲ್ಲರೆದುರು ತನ್ನ ಬಾಳಿನ ಕೊರತೆಯನ್ನು ಬಿಚ್ಚಿಡುವುದು ಸಣ್ಣ ಸಂಗತಿಯಲ್ಲ, ಎಂದೆಲ್ಲ ಯೋಚಿಸಿದ. ಯೋಚಿಸುತ್ತ ತನ್ನ ಬಗ್ಗೆ ತುಸು ಗೌರವವೂ ಹುಟ್ಟಿ ಬೆನ್ನು ನೆಟ್ಟಗಾಯಿತು.

ವಸ್ತುಸ್ಥಿತಿಯ ಎರಡನೆಯ ವಾಕ್ಯ ಮುಗಿಯುವ ಮೊದಲೇ ದಾಖಲೆಗಾರ ಮೇಜಿಗೆ ಹೊಟ್ಟೆ ಒತ್ತಿ ಮುಂದಕ್ಕೆ ಬಾಗಿದ. “ಇರು ಇರು. ಪೇಸರ್ ಅಂದ್ಯಾ? ನೀನಾ! ಅಯ್ಯೋ ಮಾರಾಯ, ಗುರುತೇ ಸಿಗಲಿಲ್ಲ. ಹೇಗೆ ಸಿಗುತ್ತೆ ಹೇಳು, ನಿನ್ನ ಮುಖ ನಾನು ಯಾವತ್ತು ನೋಡಿದೀನಿ? ಬರೀ ಬೆನ್ನೇ ನೋಡಿದ್ದು! ತಿರುಗು, ತಿರುಗು ನೋಡೋಣ.”

ಅವನು ತಿರುಗಿದ. ಯಾಕೆ ತಿರುಗಿದೆ ಎಂಬ ಪ್ರಶ್ನೆ ಮುಂದೆ ಬಹಳ ದಿನ ಅವನನ್ನು ಕಾಡಲಿತ್ತು. ಆ ಕ್ಷಣದಲ್ಲಿ ಮಾತ್ರ, ಹೇಳಿದ್ದನ್ನು ಮಾಡುವ ಹಳೆಯ ರೂಢಿಯಂತೆ, ಚಪ್ಪರಕ್ಕೆ ಬೆನ್ನು ಮಾಡಿ, ಕೈ ಕಟ್ಟಿಕೊಂಡು, ಖಾಲಿ ಮೆಟ್ಟಿಲುಗಳನ್ನು ನೋಡುತ್ತ ನಿಂತ. “ಹಾಂ, ಇವನೇ ಕಣ್ರೀ!” ಎಂದು ಹಿಂದಿನಿಂದ ಸಂಭ್ರಮದ ಕೂಗು ಕೇಳಿತು. “ಹುಡುಗೀಗೂ ಮೂರೇ ಸುತ್ತು ಓಡಿಸಿ ನಿಲ್ಲಿಸ್ತಿದ್ದೆಯಾ? ವರ್ಷವಿಡೀ? ಗಂಟೆ ಹೊಡೆದ ತಕ್ಷಣ ಅವಳೂ ಬಸ್ಸಿನಿಂದ ಇಳಿದಂಗೆ ಇಳಿದುಬಿಟ್ಟಳಾ?” ಸಮಿತಿಯ ಐವರೂ ನಕ್ಕರು. ಕಣ್ಣೊರೆಸಿಕೊಳ್ಳುವ ನಗು, ಕೆಮ್ಮಿನಲ್ಲಿ ಮುಗಿಯುವ ನಗು; ಯಾರದರಲ್ಲೂ ಕೇಡಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಅವನ ಕಾರಣವನ್ನಾಗಲಿ ಹೊಣೆಯನ್ನಾಗಲಿ ಯಾರೂ ಕೇಳಲಿಲ್ಲ. “ಇದು ತರಬೇತಿಯವನದೇ ತಪ್ಪು, ಅನುಮಾನವೇ ಇಲ್ಲ,” ಎಂದು ದಾಖಲೆಗಾರ ತೀರ್ಪು ಕೊಟ್ಟ. “ಎರಡನೇ ಗುಂಪಿನಲ್ಲಿ ಒಬ್ಬಳು ಬಂದಿಲ್ಲ. ಅವಳ ನಂಬರು ಇವಳಿಗೆ ಕೊಡಿ, ಓಡಲಿ. ಸುಸ್ತಾಗಿದೆ ಅಂತ ರಿಯಾಯಿತಿ ಏನಿಲ್ಲ.” ಅವನು ಇನ್ನೂ ಬೆನ್ನು ಮಾಡಿಯೇ ನಿಂತಿದ್ದ. ತಿರುಗು ಎಂದವರು ಮತ್ತೆ ಈ ಕಡೆ ತಿರುಗು ಎಂದಿರಲಿಲ್ಲ.

ಚಪ್ಪರದಾಚೆ ಪಿನ್ನಿ ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದಳು. ಕೃತಜ್ಞತೆಯನ್ನು ಹೇಗೆ ಸ್ವೀಕರಿಸಬೇಕು, ಪರವಾಗಿಲ್ಲ ಎನ್ನಬೇಕೋ ಸುಮ್ಮನೆ ತಲೆದೂಗಬೇಕೋ ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಅವಳು, “ನಾನು ಉಳುಕು ಅಂದೆನಲ್ಲ ಸರ್,” ಎಂದಳು.

“ಉಳುಕು ಅಂದ್ರೆ ಮುಂದಿನ ವರ್ಷ ಬಾ ಅಂತಿದ್ರು.”

“ಅದು ಆಮೇಲೆ ಗೊತ್ತಾಯ್ತು. ನನಗೇ ಹೇಳೋಕೆ ಬಿಡಬೇಕಿತ್ತು. ಅಷ್ಟು ಜನರ ಮುಂದೆ ನಾನು ಸುಳ್ಳಿ ಆದೆ, ನೀವು ಒಳ್ಳೆಯವರಾದ್ರಿ.”

“ಒಳ್ಳೆಯವನೇನೂ ಆಗಲಿಲ್ಲ ಬಿಡು,” ಎಂದ ಅವನು. “ನಗ್ತಿದ್ದದ್ದು ಕೇಳಿಸಲಿಲ್ವಾ?”

“ಕೇಳಿಸ್ತು.” ಅವಳ ತುಟಿಯ ಒಂದು ತುದಿ ಅಲುಗಿತು, ತಕ್ಷಣ ಬಿಗಿಯಿತು. “ನೀವು ಯಾಕೆ ತಿರುಗಿ ನಿಂತ್ರಿ?”

“ಗೊತ್ತಿಲ್ಲ.”

“ನಂಗೂ ಹಂಗೇ ಆಗಿದ್ದು,” ಎಂದಳು. “ಗಂಟೆ ಹೊಡೀತು, ನಿಂತೆ. ಯಾಕೆ ಅಂದ್ರೆ ಗೊತ್ತಿಲ್ಲ.” ಹೊಸ ನಂಬರಿನ ಬಟ್ಟೆಯನ್ನು ಎದೆಗೆ ಹಿಡಿದು ಒಂದೊಂದೇ ಮೂಲೆಗೆ ಪಿನ್ನು ಚುಚ್ಚಿದಳು. ಕೊನೆಯ ಮೂಲೆ ಎರಡು ಸಲ ಜಾರಿತು. ಅವನು ಸಹಾಯಕ್ಕೆಂದು ಕೈ ಚಾಚಿದ. “ಬೇಡ ಸರ್. ನೀವು ಹೋಗಿ.”

“ಮೆಟ್ಟಿಲ ಮೇಲೆ ಕೂತಿರ್ತೀನಿ.”

“ಅಲ್ಲಲ್ಲ. ಹೊರಗೆ. ಗೇಟಿನಾಚೆ.” ಅವಳು ಈಗ ಅವನನ್ನು ನೇರವಾಗಿ ನೋಡಿದಳು. “ನೀವು ಎಲ್ಲಿದ್ರೂ ನಾನು ಹುಡುಕ್ತೀನಿ. ಹುಡುಕಿದ್ರೆ ಕಾಲು ಆ ಕಡೆಗೇ ಹೋಗುತ್ತೆ. ನೀವು ಇಲ್ಲ ಅಂತ ನಂಗೆ ಗೊತ್ತಿರಬೇಕು.”

ಇದಕ್ಕೆ ನೊಂದುಕೊಳ್ಳುವ ಹಕ್ಕು ತನಗಿದೆಯೇ ಎಂದು ಯೋಚಿಸುತ್ತ ಅವನು ಗೇಟಿನವರೆಗೆ ನಡೆದ. ಇಲ್ಲ ಎಂದು ತೀರ್ಮಾನವಾದ ಮೇಲೆಯೂ ನೋವು ಇದ್ದೇ ಇತ್ತು. ಅದಕ್ಕೆ ತೀರ್ಮಾನದ ಹಂಗಿರಲಿಲ್ಲ. ಗೇಟಿನ ಕಾವಲುಗಾರ, “ಒಂದ್ಸಲ ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ ಸರ್, ಬಿಲ್ಲೆ ವಾಪಸ್ ಕೊಡಬೇಕು,” ಎಂದ. ಅವನು ಬಿಲ್ಲೆಯನ್ನು ಕತ್ತಿನಿಂದ ತೆಗೆದುಕೊಟ್ಟ. ಕಾವಲುಗಾರ ಅದನ್ನು ಓದದೆ ಡಬ್ಬಿಗೆ ಎಸೆದ.

ಹೊರಗೆ ಕ್ರೀಡಾಂಗಣದ ಗೋಡೆಗೆ ಒರಗಿಕೊಂಡು ಸೈಕಲ್ ರಿಪೇರಿಯ ಒಂದು ಅಂಗಡಿ, ಅದರ ಮುಂದೆ ನೀರು ತುಂಬಿದ ಬೋಗುಣಿ, ಬೋಗುಣಿಯಲ್ಲಿ ಟ್ಯೂಬನ್ನು ಅದ್ದಿ ಗುಳ್ಳೆ ಹುಡುಕುತ್ತಿದ್ದ ರಿಪೇರಿಯವ. ಗೋಡೆಯ ಮೇಲಿನ ಧ್ವನಿವರ್ಧಕ ಒಳಮುಖವಾಗಿತ್ತು. ಹೊರಗಿನವರಿಗೆ ಮಾತಿನ ಬೆನ್ನು ಮಾತ್ರ ಕೇಳಿಸುತ್ತಿತ್ತು. ಫೋನು ಮೊಳಗಿತು. ಹೆಂಡತಿ.

“ಏನಾಯ್ತು ರೀ? ಮುಗೀತಾ?”

ಅವನು ನಡೆದದ್ದನ್ನು ಕ್ರಮವಾಗಿ ಹೇಳಿದ, ತಿರುಗಿ ನಿಂತದ್ದನ್ನು ಬಿಟ್ಟು. ಆಮೇಲೆ ಅವಳು, “ಮಗೂಗೆ ಓಡೋದು ಕಲಿಸಿ ಅಂತ ಕಳಿಸಿದ್ರೆ ನಿಲ್ಲೋದು ಕಲಿಸಿ ಬಂದ್ರಾ?” ಎಂದಳು.

“ಹೂಂ.”

“ಹೂಂ ಅಂತೀರಲ್ಲ! ಏನಾದ್ರೂ ಸಮಜಾಯಿಷಿ ಕೊಡಬೇಕಪ್ಪ, ನಾನು ಇನ್ನೂ ಬೈಯೋಕೆ.” ಅವಳ ಧ್ವನಿ ತುಸು ಇಳಿಯಿತು. “ಈಗ ಎಲ್ಲಿದೀರಾ?”

“ಗೋಡೆ ಹತ್ತಿರ. ಹೊರಗೆ. ನಾನು ಒಳಗಿರೋದು ಬೇಡ ಅಂದಳು.”

“ಜಾಣೆ,” ಎಂದಳು ಹೆಂಡತಿ. ಆಮೇಲೆ, “ಅವಳು ಆಯ್ಕೆ ಆಗದೇ ಹೋದ್ರೂ, ಆ ಚಿಕ್ಕಪ್ಪನ ಮನೆಗೆ ಮಾತ್ರ ಕಳಿಸೋದು ಬೇಡ ಕಣ್ರೀ. ನಮ್ಮ ಹೊರಗಿನ ಕೋಣೆ ಇದೆ. ಚಿಲಕಾನೂ ಇದೆ,” ಎಂದು ಸೇರಿಸಿದಳು. ಚಿಕ್ಕಪ್ಪನ ವಿಷಯ ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಹಾಗಾದರೆ ಆ ಅರ್ಧ ವಾಕ್ಯದ ಉಳಿದರ್ಧವನ್ನು ಹುಡುಗಿ ಯಾರಿಗೆ ಹೇಳಿಕೊಂಡಿದ್ದಳು, ಮೊಣಕೈಯ ಬಗ್ಗೆ ಉಪದೇಶ ಕೊಡದೆ ಅದನ್ನು ಕೇಳಿಸಿಕೊಂಡವರು ಯಾರು, ಎಂದು ಅವನಿಗೆ ತಿಳಿಯುವಷ್ಟರಲ್ಲಿ ಒಳಗೆ ಗುಂಡು ಹಾರಿತು. “ಶುರುವಾಯ್ತು,” ಎಂದು ಫೋನು ಕಿಸೆಗಿಟ್ಟ.

ಗೋಡೆ ಅವನಿಗಿಂತ ಎರಡು ಪಟ್ಟು ಎತ್ತರವಿತ್ತು. ಅದರ ಗಾರೆಯ ಬಿರುಕೊಂದರಲ್ಲಿ ಇರುವೆಗಳು ಸಾಲಾಗಿ ಮೇಲೇರುತ್ತಿದ್ದವು. ಅವನು ಅವುಗಳನ್ನೇ ನೋಡುತ್ತ ಕಿವಿಯನ್ನು ಮಾತ್ರ ಒಳಗೆ ಕಳಿಸಿದ. ಹುಡುಗಿಯರ ಕಾಲ ಸದ್ದು ಒಂದು ಸಲ ಗೋಡೆಯ ಬಳಿ ಬಂದು ದೂರವಾಯಿತು, ಮತ್ತೆ ಬಂತು. ಬಲಪಾದ ಗಟ್ಟಿ ಎಡಪಾದ ಮೃದು ಎಂಬುದನ್ನು ಅಷ್ಟು ಕಾಲುಗಳ ನಡುವೆ ಹೆಕ್ಕಿ ತೆಗೆಯಲು ಯತ್ನಿಸಿದ. ಎಲ್ಲ ಪಾದಗಳೂ ಅವಳವೇ ಅನ್ನಿಸಿದವು, ಯಾವುದೂ ಅಲ್ಲ ಅನ್ನಿಸಿತು. ಧ್ವನಿವರ್ಧಕ ಮುಂದಿರುವವರ ನಂಬರುಗಳನ್ನು ಹೇಳತೊಡಗಿತು. ಆಗ ಅವನಿಗೆ ಹೊಳೆಯಿತು, ಅವಳ ಹೊಸ ನಂಬರನ್ನು ತಾನು ಓದಿರಲೇ ಇಲ್ಲವೆಂದು. ಅವಳು ಅದನ್ನು ತನ್ನ ಕಣ್ಣೆದುರೇ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದಾಗ ತಾನು ತನ್ನ ಚಾಚಿದ ಕೈಯನ್ನೇ ನೋಡುತ್ತಿದ್ದ. ಅದು ಎಷ್ಟು ಉದಾರವಾಗಿ ಚಾಚಿದೆ ಎಂದು.

ಗಂಟೆ ಹೊಡೆಯಿತು. ನಿಂತಲ್ಲೇ ಅವನ ದೇಹ ವೇಗ ಇಳಿಸಿತು. ಓಡದೇ ಇದ್ದ ಮನುಷ್ಯ ವೇಗ ಇಳಿಸುವುದು ಹೇಗೆಂದು ಯಾರಾದರೂ ಕೇಳಿದ್ದರೆ ಅವನಿಗೆ ವಿವರಿಸಲಾಗುತ್ತಿರಲಿಲ್ಲ. ಆದರೆ ಭುಜ ಸಡಿಲಾಯಿತು, ಬಲ ಅಂಗೈ ತುಸು ಮೇಲೆದ್ದಿತು, ಎಡಗಾಲು ಪಕ್ಕಕ್ಕೆ ಜರುಗಿ ಸೈಕಲ್‌ನವನ ಬೋಗುಣಿಗೆ ಇಳಿಯಿತು. ನೀರು ಚೆಲ್ಲಿತು. ಒದ್ದೆ ಷೂವಿನಲ್ಲಿ ನಿಂತು ಅವನು ಗೋಡೆಯ ಕಡೆ ಮುಖ ಮಾಡಿ, “ನಿಲ್ಲಬೇಡ! ಹೋಗು!” ಎಂದು ಕಿರುಚಿದ.

“ಯಾರಿಗೆ ಸಾರ್ ಹೇಳ್ತಿರೋದು?” ಎಂದ ರಿಪೇರಿಯವ, ಟ್ಯೂಬನ್ನು ಎತ್ತಿ ಹಿಡಿದು.

“ಒಳಗಿರೋರಿಗೆ.”

“ಕೇಳ್ಸಲ್ಲ ಸಾರ್, ಗೋಡೆ ದಪ್ಪ ಇದೆ. ನೀರು ಮಾತ್ರ ಹೊಸದು ತಂದುಕೊಡಿ.”

ನೀರು ತಂದುಕೊಟ್ಟು ಬರುವಷ್ಟರಲ್ಲಿ ಒಳಗೆ ಚಪ್ಪಾಳೆ ಎದ್ದು ಅಡಗಿತ್ತು. ಧ್ವನಿವರ್ಧಕ ಒಂದಷ್ಟು ನಂಬರುಗಳನ್ನು ಹೇಳಿ ಸುಮ್ಮನಾಯಿತು. ಅವು ಅವನಿಗೆ ಬರಿಯ ಸಂಖ್ಯೆಗಳು. ಗೇಟಿನ ಬಳಿ ಹೋಗಿ ನಿಂತ. ತಾಯಂದಿರು, ತರಬೇತಿಯವರು, ಹುಡುಗಿಯರು ಹೊರಬಂದರು, ಕೆಲವರು ಅಳುತ್ತಿದ್ದರು. ಕೊನೆಗೆ ಕಾರ್ಯದರ್ಶಿ ಕಾಣಿಸಿದಳು, ದೂರದಿಂದಲೇ, “ತಗೊಂಡ್ರು ಕಣ್ರೀ! ಕೊನೇ ಜಾಗ, ಆದ್ರೂ ತಗೊಂಡ್ರು!” ಎಂದು ಕೂಗಿ, ಹತ್ತಿರ ಬಂದು ಬೆಳಗ್ಗೆ ತಿವಿದ ತೋಳಿಗೇ ಇನ್ನೊಂದು ಸಲ ತಿವಿದು, ಬಸ್ಸು ಹಿಡಿಯಲು ನಡೆದಳು. ಅವಳ ಹಿಂದೆ ಪಿನ್ನಿ, ಷೂಗಳನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ, ನೆಲ ಸುಡುತ್ತಿದೆಯೋ ಎಂಬಂತೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ತುಟಿ ಬಿಳಚಿತ್ತು. ಅವನ ಪಕ್ಕದಲ್ಲಿ ಗೋಡೆಗೆ ಬೆನ್ನು ಜಾರಿಸಿ ನೆಲಕ್ಕೆ ಕುಳಿತಳು.

“ಹೇಗಿತ್ತು ಸರ್, ನಾನು ಓಡಿದ್ದು?” ಎಂದಳು. ಆಮೇಲೆ ನೆನಪಾಗಿ, “ಓ, ನೀವು ನೋಡಲೇ ಇಲ್ಲ,” ಎಂದು ನಕ್ಕಳು. ನಕ್ಕಿದ್ದಕ್ಕೆ ಪಕ್ಕೆ ಹಿಡಿದುಕೊಂಡು ಬಗ್ಗಿದಳು.

ಅವನೂ ಕುಳಿತ. ಮೊಣಕಾಲುಗಳು ಲಟಲಟನೆ ಸದ್ದು ಮಾಡಿದವು. ಅಭಿನಂದನೆಯ ಮಾತೊಂದನ್ನು ಅವನು ಆಗಲೇ ಅರ್ಧ ಕಟ್ಟಿದ್ದ, ಅದನ್ನು ಅಲ್ಲೇ ಬಿಟ್ಟು, “ಕೊನೇ ಸುತ್ತು ಹೇಗಿರುತ್ತೆ?” ಎಂದು ಕೇಳಿದ.

ಅವಳು ಅವನ ಮುಖ ನೋಡಿದಳು. ಕಲಿಸುವವರು ಪ್ರಶ್ನೆ ಕೇಳುವುದು ಪರೀಕ್ಷೆಗೆ ಎಂಬುದು ಅವಳ ಅನುಭವ. ಪರೀಕ್ಷೆಯ ಗುರುತು ಅಲ್ಲಿ ಕಾಣದೆ, “ನಿಜವಾಗ್ಲೂ ಗೊತ್ತಿಲ್ವಾ?” ಎಂದಳು.

“ಇಲ್ಲ.”

“ಗಂಟೆ ಹೊಡೆದಾಗ ಕಾಲು ಎಡಕ್ಕೆ ಎಳೀತು ಸರ್, ಯಾರೋ ಹಿಡಿದು ಎಳೆದಂಗೆ. ಆಗ ಬೈಯೋಕೆ ಶುರು ಮಾಡಿದೆ.”

“ಯಾರಿಗೆ?”

“ಇನ್ಯಾರಿಗೆ? ನಿಮಗೇ.”

“ಏನಂತ?”

“ಹೇಳಲ್ಲ. ಧಾಮದಲ್ಲಿ ಕಲಿತದ್ದೆಲ್ಲ. ಗೊತ್ತಿದ್ದದ್ದು ಮುಗಿದ್ಮೇಲೆ ಹೊಸದು ಮಾಡ್ಕೊಂಡೆ. ಬೈತಾ ಬೈತಾ ಅರ್ಧ ಸುತ್ತು ಹೋಗೇಬಿಡ್ತು. ಆಮೇಲೆ ಬೈಯೋಕೂ ಉಸಿರಿರಲಿಲ್ಲ.”

ಅವನಿಗೆ ನಗು ಬಂತು, ಮತ್ತು ನಾಚಿಕೆಯಾಗುವಷ್ಟು ಸಂತೋಷವಾಯಿತು. “ಇನ್ನರ್ಧ?” ಎಂದ.

“ಅದರಲ್ಲಿ ನೀವಿರಲಿಲ್ಲ ಸರ್,” ಎಂದಳು ಅವಳು, ಬೇಸರಪಡಿಸಬಾರದೆಂಬ ಎಚ್ಚರದಿಂದ.

“ಅದನ್ನೇ ಹೇಳು,” ಎಂದು ಅವನು ಒದ್ದೆ ಷೂವನ್ನು ಬಿಚ್ಚಿ ಪಕ್ಕಕ್ಕಿಟ್ಟು ಅವಳ ಕಡೆ ತಿರುಗಿ ಕುಳಿತ.